ಬುಡಕ್ಕೆ ಕೆಸರು ಮೆತ್ತಿದ್ದ ಬೇವು

ಆವತ್ತು ಬೆಳಗಿನಿಂದ ಮಾಡಿದ ಕೆಲಸಗಳನ್ನು ಇವತ್ತಿಗೂ ವರಸೆಯಾಗಿ ಹೇಳಬಲ್ಲೆ. ಕೊಟ್ಟಿಗೆ ಬಾಚಿ ಸಗಣಿಯನ್ನು ತಿಪ್ಪೆಗೆ ಹಾಕಿದೆ. ಬಾಗಿಲಿಗೆ ನೀರು ಚೆಲ್ಲಿ ರಂಗೋಲೆ ಎಳೆದೆ. ಹಂಡೆಗೆ ಉರಿ ಹಾಕಿ ತಲೆಗೆ ನೀರು ಹಾಕಿಕೊಂಡೆ. ಸ್ನಾನವಿಲ್ಲದೆ ರೇಷ್ಮೆ ಹುಳುವಿನ ಕೋಣೆಗೆ ಯಾರೂ ಕಾಲಿಡುವಂತಿರಲಿಲ್ಲ. ತಟ್ಟೆ ಜೋಡಿಸಿದ ಅಟ್ಟಣಿಗೆಯ ಕಾಲುಗಳ ಕೆಳಗೆ ಇರುವೆ ಹತ್ತದಿರಲೆಂದು ಇಟ್ಟಿದ್ದ ಬಟ್ಟಲುಗಳಿಗೆ ಹೊಸ ನೀರು ತುಂಬಿದೆ. ತಟ್ಟೆಗಳಲ್ಲಿ ಹುಳು ತಿಂದು ಬಿಟ್ಟ ಕಡ್ಡಿ, ಹಿಕ್ಕೆ ತೆಗೆದೆ. ರಾತ್ರಿ ಉಳಿದ ಮುದ್ದೆಯನ್ನು ಮಜ್ಜಿಗೆಗೆ ಕಿವುಚಿ ಎಲ್ಲರಿಗೂ ಕೊಟ್ಟೆ. ಒಗ್ಗರಣೆ ಹಾಕಲಿಲ್ಲ, ಹುಳು ಇರುವ ಮನೆಯಲ್ಲಿ ಮೆಣಸಿನಕಾಯಿ ಘಾಟು ಏಳಬಾರದು. ಅತ್ತೆಯ ಸೊಂಟಕ್ಕೆ ಹರಳೆಣ್ಣೆ ತಿಕ್ಕಿದೆ. ಅಷ್ಟು ಹೊತ್ತಿಗೆ ನಮ್ಮ ಮನೆಯವರು ಹಿಪ್ಪುನೇರಳೆ ಸೊಪ್ಪಿನ ಹೊರೆಗಳನ್ನು ತಂದು ಪಡಸಾಲೆಯಲ್ಲಿ ಇಳಿಸಿದರು. ನಾನು ಎಲ್ಲವನ್ನೂ ಬಿಚ್ಚಿ ಒಂದೇ ರಾಶಿ ಮಾಡಿ, ನೀರು ಚಿಮುಕಿಸಿ, ಒದ್ದೆ ಗೋಣಿತಾಟು ಹೊದಿಸಿದೆ.

ಆ ರಾಶಿಯ ಮಾತೇ ನಾನು ಹೇಳಹೊರಟಿರುವುದು.

ನಮ್ಮ ಊರು ಕೊಳ್ಳೇಗಾಲಕ್ಕೂ ಯಳಂದೂರಿಗೂ ನಡುವೆ, ಬಸ್ ರಸ್ತೆಯಿಂದ ಸ್ವಲ್ಪ ಒಳಗೆ. ಅರವತ್ತರ ದಶಕದ ಕೊನೆಯ ಮಾತು. ಮದುವೆಯಾಗಿ ಬಂದಾಗ ನನಗೆ ಹುಳು ಸಾಕುವುದು ಗೊತ್ತಿರಲಿಲ್ಲ. ನನ್ನ ತವರು ಹನೂರಿನ ಆಚೆ, ರಾಗಿ, ಜೋಳ, ಹುರುಳಿಯ ಸೀಮೆ. "ಒಣನೆಲದ ಎಣ್ಣು, ಉಳದ ಮೇಲೆ ಕೈ ಮಡಗಿದ್ರೆ ಏನಾದದೋ" ಎಂದು ಅತ್ತೆ ಮೂರು ಬೆಳೆ ನನ್ನನ್ನು ಬಾಗಿಲಾಚೆಯೇ ನಿಲ್ಲಿಸಿದ್ದರು. ಆ ಸಲ ಅವರ ಸೊಂಟ ಹಿಡಿದುಕೊಂಡು ಬಗ್ಗಲಾಗದೆ ಹೋದಾಗ ಬೇರೆ ದಾರಿ ಇರಲಿಲ್ಲ. ಹುಳು ಮೊಟ್ಟೆಯೊಡೆದ ದಿನದಿಂದ ಬೆಳೆ ನನ್ನ ಕೈಯಲ್ಲಿತ್ತು. ಆದರೂ ರಾತ್ರಿಯ ಕೊನೆಯ ಸೊಪ್ಪು ಹಾಕಿ ನಾನು ಬಾಗಿಲು ಮುಂದಕ್ಕೆ ಎಳೆಯುವವರೆಗೂ ಅವರು ಹೊಸಲಿನ ಹತ್ತಿರ ಗೋಡೆಗೊರಗಿ ಎಚ್ಚರವಾಗಿರುತ್ತಿದ್ದರು. ಒಂದು ರಾತ್ರಿಯೂ ನನಗಿಂತ ಮುಂಚೆ ಕಣ್ಣು ಮುಚ್ಚಿದವರಲ್ಲ. ಈ ಬೆಳೆ ಕೆಟ್ಟರೆ ಆ ಕೋಣೆಯ ಬಾಗಿಲು ನನ್ನ ಪಾಲಿಗೆ ಮತ್ತೆ ತೆರೆಯುವುದಿಲ್ಲ ಎಂಬುದು ಇಬ್ಬರಿಗೂ ಗೊತ್ತಿತ್ತು, ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ.

ಹುಳು ನಾಲ್ಕನೇ ಜ್ವರ ಕಳೆದು, ಅಂದರೆ ಕೊನೆಯ ಸಲ ಪೊರೆ ಬಿಟ್ಟು ಎದ್ದು, ಬೆರಳುದ್ದ ಬೆಳೆದಿದ್ದವು. ಇನ್ನೇನು ಹಣ್ಣಾಗಿ ಗೂಡು ಕಟ್ಟುವ ಕಾಲ. ಆಗ ಅವುಗಳ ಹಸಿವು ಹೇಳತೀರದು. ಸೊಪ್ಪು ಬಿದ್ದರೆ ಕೋಣೆಯಲ್ಲಿ ರಾಗಿ ಕೇರಿದಂಥ ಸದ್ದು. ಸೊಪ್ಪು ತಡವಾದರೆ ಬರೀ ಮೌನ, ಎಲ್ಲವೂ ತಲೆ ಎತ್ತಿಕೊಂಡಿರುತ್ತವೆ.

ನಮ್ಮ ಬೀದಿಯ ಮೂಲೆಯ ಮನೆಯವಳನ್ನು ಊರೆಲ್ಲ ದೊಡ್ಡವ್ವ ಎಂದೇ ಕರೆಯುತ್ತಿತ್ತು. ಗಂಡ ತೀರಿದ ಮೇಲೆ ಕೆರೆಯ ಮೇಲಿನ ತನ್ನ ತುಂಡು ತೋಟವನ್ನು ತಾನೇ ನೋಡಿಕೊಂಡಿದ್ದಳು. ಬಾಯಿ ಜೋರು. ಅವಳು ಎದುರು ಬಂದರೆ ಗಂಡಸರು ಬೀಡಿ ಆರಿಸುತ್ತಿದ್ದರು, ಮರ್ಯಾದೆಗಲ್ಲ, ಬೈಗುಳಕ್ಕೆ ಹೆದರಿ. ಹಿಂದಿನ ವರ್ಷ ತನ್ನ ಸೊಪ್ಪು ಸಾಲದೆ ಗದ್ದೆ ಪಕ್ಕದ ತೋಟದ್ದನ್ನು ಕೊಂಡು ಹಾಕಿದಾಗ ಅವಳ ಹುಳುಗಳೆಲ್ಲ ಒಂದೇ ಹೊತ್ತಿಗೆ ಹಸಿರು ನೀರು ಕಾರಿಕೊಂಡು ಸತ್ತಿದ್ದವು. ಕಣ್ಣು ಬಿತ್ತು ಎಂದರು ಜನ. ಅವಳು ಸೆರಗು ಬಿಗಿದುಕೊಂಡು ಬಯಲು ಸುತ್ತಿದಳು. ಗದ್ದೆಗಳಿಗೆ ಆಗತಾನೆ ಔಷಧಿ ಹೊಡೆಯುವ ಪಂಪು ಬಂದಿದ್ದ ಕಾಲ, ಗಾಳಿ ಬೀಸಿದರೆ ಅದು ಪಕ್ಕದ ಹಿಪ್ಪುನೇರಳೆಯ ಮೇಲೂ ಬೀಳುತ್ತಿತ್ತು. ಕಾಲುವೆಯಲ್ಲಿ ಏಡಿ, ಕಪ್ಪೆ ಹೊಟ್ಟೆ ಮೇಲಾಗಿ ತೇಲುತ್ತಿದ್ದವಂತೆ. ಅವನ್ನು ಮೊರದಲ್ಲಿ ತುಂಬಿ ತಂದು ಚಾವಡಿಯ ಕಟ್ಟೆಯ ಮೇಲೆ, ಪಂಚಾಯ್ತಿಯವರು ಕೂತಿದ್ದ ಕಡೆಗೇ ಸುರಿದಳು.

"ಔಸ್ದಿ ವೊಡೀಬ್ಯಾಡಿ ಅಂತ ನಾ ಅನ್ನಕಿಲ್ಲ. ನಿಮ್ ಬತ್ತಕ್ಕೂ ಉಳ ಬಿದ್ದದೆ, ನೀವೂ ಉಣ್ಬೇಕು. ವೊಡೆದಿವ್ನಿ ಅಂತ ಬದದ ಮ್ಯಾಲೆ ಒಂದು ಗುರ್ತು ಮಡಗಿ. ಪಂಪ ಕೆರೇಲಿ ತೊಳೀಬ್ಯಾಡಿ. ಅಷ್ಟೆಯ" ಅಂದಳು.

ಗುರುತು ಏನು ಎಂದರೆ ಬೇವಿನ ಕೊಂಬೆ. ಸಿಡುಬು ಎದ್ದ ಮನೆಯ ಬಾಗಿಲಿಗೆ ಬೇವು ಸಿಕ್ಕಿಸಿದ್ದರೆ ನಮ್ಮ ಕಡೆ ಮಗುವಿಗೂ ತಿಳಿಯುತ್ತದೆ, ಒಳಗೆ ಹೋಗಬಾರದು ಅಂತ. ಔಷಧಿ ಹೊಡೆದವರು ಬದುವಿನ ಮೇಲೆ ಹಸಿ ಬೇವಿನ ಕೊಂಬೆ ನೆಡಬೇಕು. ಅದು ಒಣಗಿ, ಎಲೆಯೆಲ್ಲ ಉದುರಿ ಬರೀ ಕಡ್ಡಿಯಾಗುವವರೆಗೂ ಆ ಬದುವಿನ ಪಕ್ಕದ ಸೊಪ್ಪನ್ನು ಯಾರೂ ಕೊಯ್ಯಬಾರದು. ಓದು ಬರಹ ಬೇಡ, ದಿನ ಎಣಿಸಬೇಕಿಲ್ಲ.

"ಗದ್ದೆಗೂ ಮಾರಮ್ಮ ಎದ್ದವ್ಳಾ ದೊಡ್ಡವ್ವ?" ಎಂದು ಒಬ್ಬ ನಕ್ಕಿದ್ದ.

"ಎದ್ದವ್ಳೆ ಕಣ್ಲಾ. ನಿನ್ ಬೆನ್ ಮೇಲಿರೋ ಪಂಪಲ್ಲೇ ಕೂತವ್ಳೆ, ವಸಿ ಉಸಾರಾಗಿರು."

ಕೊಂಬೆ ನೆಡದವನ ಮನೆ ಜಗುಲಿಯ ಮೇಲೆ ಹೋಗಿ ಕೂರುತ್ತಿದ್ದಳು. ಬೈಯುತ್ತಿರಲಿಲ್ಲ, ಸುಮ್ಮನೆ ಎಲೆ ಅಡಿಕೆ ಹಾಕಿಕೊಂಡು ಕೂತಿರುವುದು. ಅವನು ಎದ್ದು ಹೋಗಿ ನೆಟ್ಟು ಬರುವವರೆಗೂ ಏಳುತ್ತಿರಲಿಲ್ಲ. ಹಾಗೆ ಮಾಡಿ ಮಾಡಿ ಒಂದು ವರ್ಷದಲ್ಲಿ ಊರಿಗೆ ರೂಢಿಯಾಯಿತು. ಆ ವರ್ಷ ಯಾರ ಮನೆಯ ಹುಳುವೂ ಹಸಿರು ಕಾರಲಿಲ್ಲ. ನಮ್ಮ ಗ್ರಾಮಸೇವಕರು, ಒಳ್ಳೆಯ ಹುಡುಗ, ಇದನ್ನು ಮೇಲಿನವರಿಗೆ ಹೇಳಿದರು. ಇಂಥ ಕೆಲಸ ಮಾಡಿದವರನ್ನು ಊರೇ ಗುರುತಿಸಬೇಕು, ದೊಡ್ಡ ಸಾಹೇಬರೇ ಬಂದು ಶಾಲು ಹೊದಿಸುತ್ತಾರೆ ಎಂದು ತೀರ್ಮಾನವಾಯಿತು.

"ಶಾಲ ಹೊದ್ಕಂಡು ಸೊಪ್ಪು ಕುಯ್ಯಕಾದದಾ?" ಎಂದಷ್ಟೇ ದೊಡ್ಡವ್ವ ಕೇಳಿದ್ದು. ಬೇಡ ಅನ್ನಲಿಲ್ಲ. ಒಳಗೊಳಗೆ ಸಂತೋಷವಾಗಿತ್ತು ಎಂದು ಕಾಣುತ್ತದೆ. ಪೆಟ್ಟಿಗೆಯಿಂದ ಬಿಳಿ ಸೀರೆ ತೆಗೆದು ಬಿಸಿಲಿಗೆ ಹಾಕಿದ್ದನ್ನು ನಾನೇ ನೋಡಿದೆ.

ಸ್ಕೂಲಿನ ಮುಂದೆ ಚಪ್ಪರ ಹಾಕುವ ಕೆಲಸ ನಮ್ಮ ಭಾವನವರದು, ಅಂದರೆ ನಮ್ಮ ಮನೆಯವರ ಅಣ್ಣ. ಊರಿನ ಯಾವ ಚಪ್ಪರವೂ ಅವರ ಕೈ ತಾಗದೆ ಏಳುತ್ತಿರಲಿಲ್ಲ. ಹಿಂದಿನ ದಿನವೆಲ್ಲ ತೆಂಗಿನ ಗರಿ ಹೆಣೆದು, ಮಾವಿನ ತೋರಣ ಕಟ್ಟಿ, ರಾತ್ರಿ ಯಾವಾಗಲೋ ಬಂದು ಮಲಗಿದ್ದರು.

ಆ ಬೆಳಿಗ್ಗೆ ಮೊದಲ ಸೊಪ್ಪು ಹಾಕಲು ನಾನು ಕುಕ್ಕೆ ತುಂಬಿಕೊಂಡು ಒಳಗೆ ಹೋದೆ. ಬಾಗಿಲ ಪಕ್ಕದ ಕೆಳಗಿನ ತಟ್ಟೆಗೆ ಹಾಕಿದೆ. ಸದ್ದು ಶುರುವಾಯಿತು. ಎರಡನೆಯ ತಟ್ಟೆ ಎಳೆಯಲು ಕೈ ಚಾಚಿದ್ದೇನೆ, ಪಡಸಾಲೆಯಲ್ಲಿ ದೊಡ್ಡವ್ವನ ದನಿ.

"ಆಕ್ಬ್ಯಾಡ ಕಣವ್ವ. ಕೈ ತಗಿ."

ಬಿಳಿ ಸೀರೆ ಉಟ್ಟಿದ್ದಳು, ಹಣೆಗೆ ವಿಭೂತಿ. ಚಪ್ಪರದ ಕಡೆ ಹೊರಟವಳು ಅಲ್ಲಿಂದ ತಿರುಗಿ ನಮ್ಮ ಮನೆಗೆ ಓಡಿಬಂದಿದ್ದಳು. ಕೈಯಲ್ಲಿ ಒಂದು ಬೇವಿನ ಕೊಂಬೆ. ಅದನ್ನು ಅತ್ತೆಯ ಮುಂದೆ ನೆಲಕ್ಕೆ ಹಾಕಿದಳು. ಎಲೆ ಹಚ್ಚಗಿತ್ತು. ಬುಡಕ್ಕೆ ಒಂದು ಗೇಣು ಒಣಗಿದ ಕೆಸರು ಮೆತ್ತಿತ್ತು.

"ತ್ವಾರಣದಲ್ಲಿ ಕಟ್ಟವ್ರೆ. ಮರದಲ್ಲಿ ಮುರಿದ ಕೊಂಬೆಗೆ ಕೆಸ್ರು ಎಲ್ಲಿಂದ ಬಂತು? ನಿನ್ ದೊಡ್ಡ ಮಗನ್ನ ಕರಿ."

ಭಾವನವರು ಟವಲು ಹೆಗಲಿಗೆ ಹಾಕಿಕೊಂಡು ಬಂದರು. ಅವರಿಗೆ ಇನ್ನೂ ಏನೂ ಗೊತ್ತಾಗಿರಲಿಲ್ಲ. ನಗುತ್ತಲೇ ಹೇಳಿದರು.

"ದೊಡ್ಡವ್ವನ ಸನ್ಮಾನಕ್ಕೆ ಬೇವಿಲ್ದೆ ಆದದಾ ಅಂತ ನಾನೇ ತಂದು ಕಟ್ದೆ. ಸಾಯೇಬ್ರಿಗೂ ತೋರಿಸ್ಬೌದು, ಇವೇ ಆ ಕೊಂಬೆ ಕಣ್ ಸಾ ಅಂತ."

"ಎಲ್ಲಿಂದ ತಂದೆ?"

"ಬದದ ಮ್ಯಾಲಿಂದ. ನಿನ್ನೆ ಸಂಜೆ ಸುತ್ಕಂಡು ಬಂದೆ. ಒಣಗಿರೋವ ಅಲ್ಲೇ ಬುಟ್ಟಿವ್ನಿ ಕಣವ್ವ, ತ್ವಾರಣಕ್ಕೆ ಚಂದಾಗಿರಕಿಲ್ಲ. ಅಸ್ರಾಗಿರೋವ್ನೇ ಆರಿಸ್ಕಂಡೆ."

ದೊಡ್ಡವ್ವ ಕೊಂಬೆಯನ್ನು ಎತ್ತಿ ಹಸಿರು ಎಲೆಗಳನ್ನು ಅವರ ಕಣ್ಣ ಮುಂದೆ ಹಿಡಿದಳು. ಅವರ ಮುಖದ ನಗು ತಾನಾಗಿಯೇ ಇಳಿಯಿತು. ಹಸಿರಾಗಿರುವ ಕೊಂಬೆ ಎಂದರೆ ಮೊನ್ನೆ ನಿನ್ನೆ ಔಷಧಿ ಹೊಡೆದ ಗದ್ದೆ. ಹೆದರಬೇಕಾದ ಗುರುತುಗಳನ್ನೇ ಆರಿಸಿ ಕಿತ್ತು, ಹೆದರಬೇಕಿಲ್ಲದ ಕಡ್ಡಿಗಳನ್ನು ಬಿಟ್ಟು ಬಂದಿದ್ದರು.

"ಚೇರ್ಮನ್ನರ ಬದದಲ್ಲಿ ಇತ್ತಾ?" ದೊಡ್ಡವ್ವ ಕೇಳಿದಳು. ನಮ್ಮ ತೋಟದ ಕೆಳಗಿನ ಬದುವಿಗೆ ಹೊಂದಿಕೊಂಡದ್ದು ಪಂಚಾಯ್ತಿ ಚೇರ್ಮನ್ನರ ಗದ್ದೆ. ಅದಕ್ಕೇ ಅವಳು ಮೊದಲು ನಮ್ಮ ಮನೆಗೆ ಬಂದದ್ದು.

"ಮಬ್ಬಾಗಿತ್ತು. ಎಲ್ಲಾ ಬದನೂ ಸುತ್ತಿವ್ನಿ. ಎಲ್ಲೆಲ್ಲಿ ಕಿತ್ನೋ ಗೊತ್ತಿಲ್ಲ ದೊಡ್ಡವ್ವ."

ನಮ್ಮ ಮನೆಯವರು ಕಂಬಕ್ಕೆ ಒರಗಿ ನಿಂತಿದ್ದರು. "ನಾ ನೋಡ್ದೆ. ಬದದ ಮ್ಯಾಲೆ ಕೊಂಬೆ ಇರ್ನಿಲ್ಲ. ಅದ್ಕೆ ಕೆಳಗ್ಲ ಸಾಲೂ ಕುಯ್ದೆ" ಅಂದರು. ಕೊಂಬೆ ಇಲ್ಲದಿದ್ದರೆ ಔಷಧಿ ಇಲ್ಲ ಎಂದು ನಂಬುವುದನ್ನು ದೊಡ್ಡವ್ವನೇ ನಮಗೆಲ್ಲ ಕಲಿಸಿದ್ದಳು. ಈಗ ಮೇಲಿನ ಸಾಲಿನ ಸೊಪ್ಪು, ಕೆಳಗಿನ ಸಾಲಿನ ಸೊಪ್ಪು ಎಲ್ಲ ಗೋಣಿತಾಟಿನ ಕೆಳಗೆ ಒಂದೇ ರಾಶಿ. ದೊಡ್ಡವ್ವ ಒಂದು ಹಿಡಿ ತೆಗೆದು ಮೂಸಿದಳು, ಇನ್ನೊಂದು ಹಿಡಿ ಮೂಸಿದಳು.

"ಏನೂ ಗೊತ್ತಾಗಕಿಲ್ಲ. ಇಬ್ನಿ ಬಿದ್ದು ವಾಸ್ನೆ ಓಗದೆ."

ಚೇರ್ಮನ್ನರನ್ನು ಕೇಳೋಣವೆಂದರೆ ಅವರು ಸಾಹೇಬರನ್ನು ಕರೆತರಲು ಮೊದಲ ಬಸ್ಸಿಗೇ ಕೊಳ್ಳೇಗಾಲಕ್ಕೆ ಹೋಗಿದ್ದರು. ನಾನು ಸೊಪ್ಪು ತುಂಬಿದ ಕುಕ್ಕೆ ಹಿಡಿದುಕೊಂಡು ಕೋಣೆಯ ಹೊಸಲಿನ ಒಳಗೇ ನಿಂತಿದ್ದೆ. ಬೆನ್ನ ಹಿಂದೆ ಒಂದೇ ತಟ್ಟೆ ತಿನ್ನುವ ಸದ್ದು, ಮಿಕ್ಕದ್ದೆಲ್ಲ ಮೌನ. ಅತ್ತೆ ನನ್ನ ಕಡೆ ನೋಡಿದರು.

"ಬರೀ ಅನ್ಮಾನಕ್ಕೆ ಉಳನ ಉಪಾಸ ಕೆಡವ್ತೀಯಾ? ಅಣ್ಣಾಗೋ ಹೊತ್ತು. ಒಟ್ಟೆಗಿಲ್ದೆ ಸೊರಗಿದ್ರೆ ಗೂಡ ಎಲ್ಲಿಂದ ಕಟ್ಟವು? ಆಕು ನೀನು."

"ಆಕ್ಬ್ಯಾಡ" ಅಂದಳು ದೊಡ್ಡವ್ವ.

"ಬೆಳೆ ನಂದು ದೊಡ್ಡವ್ವ, ನಿಂದಲ್ಲ."

"ನಿಂದೂ ಅಲ್ಲ ಕಣಕ್ಕ. ಆ ಎಣ್ಣಿನ ಕೈಗೆ ಕೊಟ್ಟಿವ್ನಿ ಅಂದ್ಯಲ್ಲ ಮೊನ್ನೆ. ಅವ್ಳ ಕೇಳು."

ಇಬ್ಬರೂ ನನ್ನನ್ನು ನೋಡಿದರು. ಅಲ್ಲಿಯವರೆಗೆ ಆ ಮನೆಯಲ್ಲಿ ನನ್ನನ್ನು ಯಾರೂ ಏನನ್ನೂ ಕೇಳಿರಲಿಲ್ಲ. ದೊಡ್ಡವ್ವನ ಮಾತು ಸುಳ್ಳಾಗಿ ಸೊಪ್ಪು ಚೆನ್ನಾಗಿದ್ದರೆ, ಹಸಿವಿಗೆ ಬೆಳೆ ಹಾಳು ಮಾಡಿದವಳು ನಾನು. ನಿಜವಾದರೆ, ಹಾಕಿ ಕೊಂದವಳೂ ನಾನೇ. ಕುಕ್ಕೆಯನ್ನು ಹೊಸಲಿನ ಆಚೆಗೆ ಇಟ್ಟು, ಒಳಗೆ ಬಂದು, ಆ ಮೊದಲ ತಟ್ಟೆಯನ್ನು ಎಳೆದೆ. ಸೊಪ್ಪಿಗೆ ಕಚ್ಚಿಕೊಂಡಿದ್ದ ಹುಳುಗಳನ್ನು ಒಂದೊಂದಾಗಿ ಬಿಡಿಸಲು ಶುರು ಮಾಡಿದೆ. ಅತ್ತೆ ನನ್ನ ಕಡೆಗೆ ಬೆನ್ನು ಮಾಡಿ ಕೂತರು. ಅದು ಬೈಗುಳಕ್ಕಿಂತ ಕಷ್ಟವಾಯಿತು.

ದೊಡ್ಡವ್ವ ತಟ್ಟೆಯ ಕಡೆ ಬೆರಳು ತೋರಿಸಿ, "ಅದ ಬ್ಯಾರೆ ಮಡಗು. ಅದೇ ಯೋಳ್ತದೆ" ಅಂದಳು. ಆಮೇಲೆ ಹೊರಗೆ ಹೋಗಿ ಭಾವನವರನ್ನು ಕೇಳಿದಳು: "ನನ್ನ ಕರ್ಕಂಡೋಗಕೆ ತಮಟೆ ಕರ್ಸಿದ್ಯಲ್ಲ, ಅವ್ರೆಲ್ಲಿ?"

"ಚಪ್ರದ ತಾವ ಕಾಯ್ತಾವ್ರೆ."

"ಬೀದಿ ಬೀದಿಗೂ ವೊಡೆಸು. ಗದ್ದೆ ಪಕ್ಕದ ಸೊಪ್ಪು ಯಾರೂ ಉಳಕ್ಕೆ ಆಕ್ಬಾರ್ದು ಅಂತ ಸಾರ್ಸು. ಓಡು. ನೀನು ಕಿತ್ತಿದ್ದು, ನೀನೇ ಕೂಗು."

ಸನ್ಮಾನದ ಮೆರವಣಿಗೆಗೆ ಬಂದಿದ್ದ ತಮಟೆ ಹಾಗೆ ಡಂಗುರಕ್ಕೆ ಹೋಯಿತು. ಭಾವನವರ ದನಿ ಒಂದೊಂದು ಬೀದಿಗೂ ದೂರವಾಗುತ್ತ ಹೋಗುವುದು ಕೋಣೆಯೊಳಗೆ ನನಗೆ ಕೇಳಿಸುತ್ತಿತ್ತು. ಒಂದು ಬೀದಿಯಲ್ಲಿ ಯಾರೋ, "ಸನ್ಮಾನ ಸುರುವಾಯ್ತಾ?" ಎಂದು ಕೇಳಿದರು. ಅದಕ್ಕೆ ಇವರು ಏನಂದರೋ ಕೇಳಲಿಲ್ಲ.

ಆ ಹೊತ್ತಿಗೆ ಜೀಪು ಬಂತು. ಗ್ರಾಮಸೇವಕರು ನಮ್ಮ ಜಗುಲಿಗೆ ಬಂದು ಕರೆದರು. "ಸಾಹೇಬ್ರು ಬಂದವ್ರೆ ದೊಡ್ಡವ್ವ. ಹಾರ, ಪನ್ನೀರು ಎಲ್ಲ ಸಿದ್ಧ. ಅವ್ರು ಇಲ್ಲಿಂದ ಯಳಂದೂರಿಗೆ ಹೋಗ್ಬೇಕಂತೆ."

"ಪನ್ನೀರು ಚಿಮುಕ್ಸಿದ್ ಮೈಲಿ ಉಳದ ಮನೆಗೆ ಓಗಕಾಯ್ತದಾ ಸಾ? ಚೇರ್ಮನ್ನರು ಬಂದ್ರಾ, ಅವ್ರ ಕರೀರಿ."

ಚೇರ್ಮನ್ನರು ಬಂದರು. ಔಷಧಿ ಹೊಡೆಸಿದ್ದು ಯಾವಾಗ ಎಂದರೆ ಕುತ್ತಿಗೆ ಉಜ್ಜಿಕೊಂಡರು. "ವೊಡಿ ಅಂದಿದ್ದೆ. ವೊಡ್ದನೋ ಇಲ್ವೋ, ಆಳ್ನೇ ಕೇಳ್ಬೇಕು. ಅವ್ನು ಹನೂರ್ಗೆ ನೆಂಟ್ರ ಮನೇಗೆ ಓಗವ್ನೆ."

"ಸರಿ ಬುಡಿ. ಸಾಯೇಬ್ರಿಗೆ ಕಾಪಿ ಕೊಡ್ಸಿ" ಎಂದು ದೊಡ್ಡವ್ವ ಒಳಗೆ ಬಂದು, ಹೊಸಲಿನ ಆಚೆ ಕಾಲು ಮಡಚಿ ಕೂತಳು. ನಾನು ಒಳಗೆ, ಅವಳು ಹೊರಗೆ, ನಡುವೆ ಆ ತಟ್ಟೆ. ನೋಡುತ್ತ ಕೂತೆವು. ಹುಳುಗಳು ನಿಧಾನಕ್ಕೆ ಹರಿದಾಡುತ್ತಿದ್ದವು, ಎಂದಿನಂತೆಯೇ. ಮೇಲಿನ ತಟ್ಟೆಗಳಲ್ಲಿ ಎಲ್ಲವೂ ತಲೆ ಎತ್ತಿ ಅಂಚಿನ ಕಡೆಗೆ ಬರುತ್ತಿದ್ದವು, ಸೊಪ್ಪು ಹುಡುಕಿಕೊಂಡು. ಒಂದು ಹುಳು ಅಂಚು ದಾಟಿ ಕೆಳಗೆ ಬಿತ್ತು, ಎತ್ತಿ ಹಾಕಿದೆ. ಅತ್ತೆ ಎಣ್ಣೆ ಹಚ್ಚಿದ ಸೊಂಟವನ್ನು ಕೈಯಲ್ಲಿ ಹಿಡಿದು ಎದ್ದು ಬಂದು ಬಾಗಿಲಲ್ಲಿ ನಿಂತರು.

"ಏನಾಗದೆ? ಏನೂ ಆಗಿಲ್ಲ" ಅಂದರು. ನಾನು ದೊಡ್ಡವ್ವನ ಮುಖ ನೋಡಿದೆ. ಅವಳ ಮುಖದಲ್ಲೂ ಅನುಮಾನವಿತ್ತು. ಅವಳಿಗೂ ಗೊತ್ತಿರಲಿಲ್ಲ.

ದೊಡ್ಡವ್ವ ಎದ್ದಳು. "ನನ್ನ ತ್ವಾಟದ ಸೊಪ್ಪು ತರ್ಸ್ತೀನಿ. ಕೆರೆ ಮ್ಯಾಲದೆ, ಅಲ್ಲಿಗೆ ಯಾವ ಗದ್ದೆ ಗಾಳೀನೂ ಬೀಸಕಿಲ್ಲ."

"ನಿನ್ ಉಳಕ್ಕೆ?" ಅತ್ತೆ ಕೇಳಿದರು. ಅವಳ ಮನೆಯಲ್ಲೂ ಹುಳು ನಮ್ಮವುಗಳ ಹಾಗೆಯೇ ಕೊನೆಯ ಹಸಿವಿನಲ್ಲಿದ್ದವು. ಅವಳ ತೋಟ ಅವಳ ಹುಳುವಿಗೆ ಸಾಕಾದರೆ ಹೆಚ್ಚು.

"ಅವೂ ವಸಿ ವಸಿ ತಿಂತವೆ. ಉಂಡೋರ ಮನೆ ಪಕ್ಕದಲ್ಲಿ ಉಪಾಸ ನೋಡ್ಕಂಡು ಕೂರಕಾದದಾ?"

ಚಪ್ಪರದ ಕೆಲಸಕ್ಕೆಂದು ನಿಂತಿದ್ದ ನಾಲ್ಕಾರು ಆಳುಗಳನ್ನು ಕರೆದುಕೊಂಡು ನಮ್ಮ ಮನೆಯವರು ಅವಳ ತೋಟಕ್ಕೆ ಓಡಿದರು. ಗ್ರಾಮಸೇವಕರೂ ಪ್ಯಾಂಟು ಮಡಚಿಕೊಂಡು ಹಿಂದೆ ಹೋದರು.

ಅವರು ಬರುವ ಮುಂಚೆಯೇ ತಟ್ಟೆ ಮಾತಾಡಿತು. ಮೊದಲು ಒಂದು ಹುಳು ತಲೆ ಎತ್ತಿ ಆಚೆ ಈಚೆ ಆಡಿಸತೊಡಗಿತು. ಹಸಿವಿನ ತಲೆ ನೆಟ್ಟಗಿರುತ್ತದೆ. ಇದು ಜ್ವರ ಬಂದ ಮಗು ದಿಂಬಿನ ಮೇಲೆ ಹೊರಳಾಡುವ ಹಾಗೆ. ಆಮೇಲೆ ಅದರ ಬಾಯಿಂದ ಹಸಿರು ಹನಿ. ಪಕ್ಕದ್ದು, ಅದರ ಪಕ್ಕದ್ದು. ನೋಡುತ್ತಿದ್ದಂತೆ ತಟ್ಟೆಯ ಕಾಗದವೆಲ್ಲ ಹಸಿರಾಯಿತು, ಮೈ ಮುರುಟಿಕೊಂಡು ಕುಗ್ಗಿದವು. ಅತ್ತೆ ಬಾಗಿಲ ಚೌಕಟ್ಟು ಹಿಡಿದುಕೊಂಡು ಪೂರ್ತಿ ನೋಡಿದರು. ಕೋಣೆಯಲ್ಲಿದ್ದ ಮಿಕ್ಕ ತಟ್ಟೆಗಳ ಮೇಲೆ ಒಂದು ಸಲ ಕಣ್ಣಾಡಿಸಿದರು. ಬಾಯಲ್ಲಿ ಒಂದೇ ಮಾತು ಬಂತು.

"ಗುಂಡಿ ತೋಡ್ಸು. ಕೋಳಿ ಗೀಳಿ ತಿಂದಾವು."

ಆ ತಟ್ಟೆಯನ್ನೂ ಪಡಸಾಲೆಯ ರಾಶಿಯನ್ನೂ ಹಿತ್ತಲಿನ ಗುಂಡಿಗೆ ಹಾಕಿ ಮುಚ್ಚಿದೆವು. ನಾನು ಮತ್ತೆ ತಲೆಗೆ ನೀರು ಹಾಕಿಕೊಂಡೆ. ಬೂದಿ ಹಚ್ಚಿ ಕೈ ತೊಳೆದೆ. ಕೆರೆ ಮೇಲಿನ ಸೊಪ್ಪು ಬಂತು. ದೊಡ್ಡವ್ವ ಅದನ್ನು ಪಾಲು ಮಾಡಿ, ನಮಗೆ, ಗದ್ದೆ ಪಕ್ಕದಲ್ಲಿ ತೋಟವಿದ್ದ ಇನ್ನೆರಡು ಮನೆಗೆ ಎತ್ತಿಕೊಟ್ಟು, ಉಳಿದದ್ದನ್ನು ತಾನು ಒಯ್ದಳು. ಅವಳ ಪಾಲು ಎಲ್ಲಕ್ಕಿಂತ ಚಿಕ್ಕದಾಗಿತ್ತು. ನಾನು ಮೇಲಿನ ತಟ್ಟೆಗೆ ಒಂದು ಪದರ ಹಾಕಿದೆ. ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ ಒಂದು ಮೂಲೆಯಿಂದ ಸದ್ದು ಶುರುವಾಗಿ ಕೋಣೆಯೆಲ್ಲ ಹಬ್ಬಿತು.

ಸಾಹೇಬರು ಬಹಳ ಹೊತ್ತು ಕಾದರು, ಅದನ್ನು ಹೇಳಬೇಕು. ಕೊನೆಗೆ ನಡೆದುಕೊಂಡೇ ನಮ್ಮ ಬೀದಿಗೆ ಬಂದು, ದೊಡ್ಡವ್ವನ ಮನೆ ಜಗುಲಿಯ ಮುಂದೆ ನಿಂತು ಕೈ ಮುಗಿದರು. ಅವಳು ಒಳಗೆ ಹುಳುವಿಗೆ ಸೊಪ್ಪು ಹಾಕುತ್ತಿದ್ದಳು. "ಮುಟ್ಬ್ಯಾಡಿ ಸಾ, ನಾನೀಗ ಮಡೀಲಿವ್ನಿ. ಅಲ್ಲೇ ಮಡಗೋಗಿ" ಎಂದು ಒಳಗಿನಿಂದಲೇ ಕೂಗಿದಳು. ಶಾಲನ್ನು ಜಗುಲಿಯ ಮೇಲೆ ಮಡಚಿ ಇಟ್ಟು, ಅದರ ಮೇಲೆ ಹಾರ ಇಟ್ಟು ಯಳಂದೂರಿಗೆ ಹೋದರು. ಹಾರವನ್ನು ಸಂಜೆಯೊಳಗೆ ಯಾರದೋ ಮೇಕೆ ತಿಂದಿತು.

ಆ ಬೆಳೆಯಲ್ಲಿ ದೊಡ್ಡವ್ವನ ಗೂಡು ತೆಳ್ಳಗೆ ಬಂತು, ನಮ್ಮದು ಗಟ್ಟಿಯಾಗಿ ಬಂತು. ಅದರ ಬಗ್ಗೆ ಅವಳು ಒಂದು ದಿನವೂ ಮಾತೆತ್ತಲಿಲ್ಲ. ಮಿಕ್ಕೆಲ್ಲದರ ಬಗ್ಗೆ ಬೈದಳು. ಆಮೇಲಿನ ವರ್ಷಗಳಲ್ಲಿ ಸೊಪ್ಪಿಗೆ ಹೋಗುವವರು ಅವಳ ಬಾಗಿಲಲ್ಲಿ ನಿಂತು, "ದೊಡ್ಡವ್ವ, ಕುಯ್ಯನಾ?" ಎಂದು ಕೇಳುವುದು ಬೀದಿಗೆಲ್ಲ ರೂಢಿಯಾಯಿತು. ಒಳಗಿನಿಂದ "ಕುಯ್ಯಿ" ಎಂದು ಬಂದ ಮೇಲೇ ಮುಂದೆ ಹೆಜ್ಜೆ. ಅವಳಿಗೆ ಗೊತ್ತಿದ್ದದ್ದು ನಮಗೂ ಗೊತ್ತಿರುತ್ತಿತ್ತು, ಬದುವಿನ ಮೇಲಿನ ಕೊಂಬೆ ಎಲ್ಲರಿಗೂ ಕಾಣುತ್ತಿತ್ತು. ಆದರೂ ಕೇಳುತ್ತಿದ್ದೆವು.

ಸಾಹೇಬರು ಹೋದ ಆ ಸಂಜೆ ಭಾವನವರು ತೋರಣ ಬಿಚ್ಚಿ, ಕೆಸರು ಮೆತ್ತಿದ ಕೊಂಬೆಗಳನ್ನು ಹೊತ್ತು, ಒಬ್ಬೊಬ್ಬ ಗದ್ದೆಯವನನ್ನೂ ಕೇಳಿಕೊಂಡು ಬದುಗಳ ಮೇಲೆ ನೆಟ್ಟು ಬಂದರು. ಗೊತ್ತಾಗದ ಕಡೆಗಳಲ್ಲೂ ನೆಟ್ಟರು.

ರಾತ್ರಿ ಉಂಡದ್ದು ಮುದ್ದೆ, ಒಗ್ಗರಣೆಯಿಲ್ಲದ ಅವರೆಕಾಳಿನ ಉಪ್ಸಾರು. ಅದರ ಜೊತೆಗೆ ಸಾಹೇಬರಿಗೆಂದು ಮಾಡಿ ಯಾರೂ ತಿನ್ನದೆ ಉಳಿದ ಕೇಸರಿಬಾತು, ತಣ್ಣಗಾಗಿ ತುಂಡು ತುಂಡಾಗಿದ್ದದ್ದು. ಭಾವನವರು ಅದನ್ನು ಮುಟ್ಟಲಿಲ್ಲ. ನಾನು ಊಟದ ತಟ್ಟೆ ತೊಳೆದು, ಕೊನೆಯ ಸೊಪ್ಪಿಗೆ ಕುಕ್ಕೆ ತುಂಬಿಕೊಂಡು ಬರುವಾಗ ಹೊಸಲಿನ ಹತ್ತಿರ ಅತ್ತೆ ಒರಗಿ ಕಾಯುತ್ತಿದ್ದ ಗೋಡೆಯ ಬದಿ ಖಾಲಿಯಿತ್ತು. ಅತ್ತೆ ಪಡಸಾಲೆಯ ಆ ಕೊನೆಯಲ್ಲಿ ಕಂಬಳಿ ಹೊದ್ದು, ಗೋಡೆಯ ಕಡೆ ತಿರುಗಿ, ಎಲ್ಲರಿಗಿಂತ ಮೊದಲು ನಿದ್ದೆ ಹೋಗಿದ್ದರು.